ಮೌಲ್‌ಬ್ರಾನ್ ಮಠ: ಕಲ್ಲಿಗಿಂತ ಮೊದಲು ನೀರು

ಹಳೆಯ ಕಲ್ಲು ಕಟ್ಟಡಗಳ ದುರಸ್ತಿ ನನ್ನ ಕೆಲಸ. ಜರ್ಮನಿಯ ಮೌಲ್‌ಬ್ರಾನ್ ಮಠದ ಬಗ್ಗೆ ಯಾರಾದರೂ ಕೇಳಿದರೆ ನಾನು ಚರ್ಚಿನಿಂದ ಶುರು ಮಾಡುವುದಿಲ್ಲ, ಕೆರೆಗಳಿಂದ ಶುರು ಮಾಡುತ್ತೇನೆ.

1147ರಲ್ಲಿ ಸಿಸ್ಟರ್ಸಿಯನ್ ಎಂಬ ಕ್ರೈಸ್ತ ಪಂಥದ ಸನ್ಯಾಸಿಗಳು ಸಾಲ್ಜಾಖ್ ಎಂಬ ಪುಟ್ಟ ಹೊಳೆಯ ಕಣಿವೆಯಲ್ಲಿ ನೆಲೆ ನಿಂತರು. ಕಾಲುವೆ ತೋಡಿದರು, ನೀರನ್ನು ಕೆರೆಗಳಲ್ಲಿ ತಡೆದು ನಿಲ್ಲಿಸಿದರು. ಅವರ ನಿಯಮದಲ್ಲಿ ಮಾಂಸ ಕೂಡದು, ಮೀನು ಆಗುತ್ತದೆ. ಹಾಗಾಗಿ ಕೆರೆಯಲ್ಲಿ ಮೀನು ಸಾಕಿದರು. 1993ರಲ್ಲಿ ಮಠ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಅದಕ್ಕೆ ಕೊಟ್ಟ ಕಾರಣಗಳಲ್ಲಿ ಈ ನೀರಿನ ಜಾಲವೂ ಇದೆ. ತೀಫರ್ ಜೀ ಎಂಬ ಕೆರೆಯಲ್ಲಿ ಊರಿನವರು ಬೇಸಿಗೆಯಲ್ಲಿ ಈಗಲೂ ಈಜುತ್ತಾರೆ.

ಇಷ್ಟು ನೀರಿನ ನಡುವೆ ಕಟ್ಟಿದ್ದು ಅಲ್ಲಿಯದೇ ಮರಳುಗಲ್ಲಿನಲ್ಲಿ. ನುಣುಪಾದ ಕಲ್ಲು, ಕೆತ್ತನೆಗೆ ಚೆನ್ನಾಗಿ ಒಗ್ಗುತ್ತದೆ. ಆದರೆ ಅದರೊಳಗೆ ಜೇಡಿ ಇದೆ. ನೀರು ಹೀರಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ, ನಿಧಾನವಾಗಿ ಹಾಳೆ ಹಾಳೆಯಾಗಿ ಏಳುತ್ತದೆ. ನೆಲದ ತೇವದ ಜೊತೆ ಉಪ್ಪೂ ಗೋಡೆ ಹತ್ತುತ್ತದೆ. ನೀರು ಆರಿದ ಮೇಲೆ ಉಪ್ಪು ಹರಳುಗಟ್ಟಿ ಕಲ್ಲನ್ನು ಒಳಗಿನಿಂದಲೇ ಒಡೆಯುತ್ತದೆ. ಇಂಥ ಗೋಡೆಯ ಸಂದಿಗೆ ಸಿಮೆಂಟ್ ತುಂಬಿದರೆ ಅನಾಹುತ ಇನ್ನೂ ಜಾಸ್ತಿ. ಸಿಮೆಂಟ್ ಬಿಗಿ, ತೇವ ಅದರಿಂದ ಹೊರಗೆ ಹೋಗಲಾರದೆ ಕಲ್ಲಿನೊಳಗೇ ಉಳಿಯುತ್ತದೆ. ಗಾರೆ ಯಾವಾಗಲೂ ಕಲ್ಲಿಗಿಂತ ಮೆದುವಾಗಿರಬೇಕು. ಸವೆದರೆ ಗಾರೆ ಸವೆಯಲಿ, ಅದನ್ನು ಮತ್ತೆ ತುಂಬಬಹುದು. ಎಂಟುನೂರು ವರ್ಷದ ಕೆತ್ತನೆಯನ್ನು ಮತ್ತೆ ತರಲಾಗುವುದಿಲ್ಲ, ಅಲ್ವಾ? ಚರಂಡಿ, ಮಳೆನೀರು ಹರಿಯುವ ಮಾಡಿನ ದೋಣಿ, ಗೋಡೆಯ ಬುಡ, ಈ ಮೂರನ್ನು ನೋಡದೆ ಕಲ್ಲಿಗೆ ಕೈ ಹಚ್ಚುವುದನ್ನು ನಾನು ಒಪ್ಪುವುದಿಲ್ಲ.

ಚರ್ಚ್ 1178ರಲ್ಲಿ ಪ್ರತಿಷ್ಠೆಯಾಯಿತು. ದಪ್ಪ ಕಂಬ, ಅರ್ಧವೃತ್ತದ ಕಮಾನು, ಸನ್ಯಾಸಿಗಳನ್ನೂ ಮಠದ ದುಡಿಮೆಗಾರ ಸೋದರರನ್ನೂ ಬೇರ್ಪಡಿಸುತ್ತಿದ್ದ ಕಲ್ಲಿನ ತಡೆಗೋಡೆ, ಎಲ್ಲವೂ ರೋಮನೆಸ್ಕ್ ಎಂಬ ಹಳೆಯ ಯುರೋಪಿನ ಕಟ್ಟಡ ಶೈಲಿ. ಮೇಲೆ ನೋಡಿದರೆ ಮಾತ್ರ ಅದರ ನಂತರ ಬಂದ ಗಾಥಿಕ್ ಶೈಲಿಯ ಬಲೆಯಂಥ ಚಾವಣಿ. ಮೊದಲಿದ್ದ ಮರದ ಚಪ್ಪಟೆ ಚಾವಣಿಯನ್ನು 1424ರಲ್ಲಿ ಬದಲಿಸಿದರು. "ಮೂಲ ರೂಪಕ್ಕೆ ತರಬಾರದಾ?" ಎಂದು ಕೇಳುವವರಿದ್ದಾರೆ. ಬೇಡವೇ ಬೇಡ. ಹಳೆಯ ಕಟ್ಟಡಗಳ ಸಂರಕ್ಷಣೆಗೆ ಅಂತರರಾಷ್ಟ್ರೀಯ ಸೂತ್ರಗಳನ್ನು ಕೊಟ್ಟ 1964ರ ವೆನಿಸ್ ಸನ್ನದು ಹೇಳುವುದೂ ಇದನ್ನೇ: ಎಲ್ಲ ಕಾಲದ ಒಳ್ಳೆಯ ಕೆಲಸಕ್ಕೂ ಗೌರವ ಸಲ್ಲಬೇಕು.

ಹದಿನಾರನೇ ಶತಮಾನದಲ್ಲಿ ಪ್ರೊಟೆಸ್ಟಂಟ್ ಪಂಥ ಹುಟ್ಟಿದ ಮತಸುಧಾರಣೆಯ ನಂತರ ಸನ್ಯಾಸಿಗಳು ಹೋದರು. ಕಟ್ಟಡ ಉಳಿದದ್ದಕ್ಕೆ ಒಂದು ದೊಡ್ಡ ಕಾರಣ, 1556ರಲ್ಲಿ ಅಲ್ಲಿ ಶಾಲೆ ಶುರುವಾದದ್ದು. ಖಗೋಳ ವಿಜ್ಞಾನಿ ಕೆಪ್ಲರ್ ಅಲ್ಲಿ ಓದಿದರು. ಮಲಯಾಳಂ ನಿಘಂಟು ಮಾಡಿದ ಹರ್ಮನ್ ಗುಂಡರ್ಟ್ ಕೂಡ ಅಲ್ಲಿಯ ವಿದ್ಯಾರ್ಥಿ. ನಮ್ಮ ಕನ್ನಡ ಪತ್ರಿಕೆ 'ಮಂಗಳೂರ ಸಮಾಚಾರ'ದ ಮೊಗ್ಲಿಂಗ್ ಅವರ ಗೆಳೆಯ ಇವರು. ಗುಂಡರ್ಟ್ ಅವರ ಮೊಮ್ಮಗ, ಕಾದಂಬರಿಕಾರ ಹರ್ಮನ್ ಹೆಸ್ಸೆ, 1891ರಲ್ಲಿ ಸೇರಿ ಕೆಲವೇ ತಿಂಗಳಲ್ಲಿ ಓಡಿಹೋದರು. ಶಾಲೆ ಈಗಲೂ ನಡೆಯುತ್ತಿದೆ. ಖಾಲಿ ಕಟ್ಟಡದಲ್ಲಿ ಮಾಡು ಸೋರಿದರೆ ವರ್ಷಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ. ಮಕ್ಕಳು ಮಲಗುವ ಕೋಣೆಯಲ್ಲಿ ಸೋರಿದರೆ ಮರುದಿನವೇ ಏಣಿ ಬರುತ್ತದೆ.