ವಾರ್ನಿಂಗ್ ಸಪ್ರೆಶನ್

ಕೋಡನ್ನು ಯಂತ್ರಕ್ಕೆ ಅರ್ಥವಾಗುವಂತೆ ಬದಲಿಸುವ ಕಂಪೈಲರ್ ಕೊಡುವ ಒಂದು ಎಚ್ಚರಿಕೆಯನ್ನು ಕೋಡಿನ ಕೆಲವೇ ಸಾಲುಗಳ ಮಟ್ಟಿಗೆ ಬಾಯಿ ಮುಚ್ಚಿಸುವುದಕ್ಕೆ ವಾರ್ನಿಂಗ್ ಸಪ್ರೆಶನ್ ಎನ್ನುತ್ತಾರೆ. ಎಚ್ಚರಿಕೆಗೆ ಕಾರಣವಾದದ್ದು ಅಲ್ಲೇ ಇರುತ್ತದೆ, ಸದ್ದು ಮಾತ್ರ ನಿಲ್ಲುತ್ತದೆ.

ಮಂಗಳೂರಿನ ಸ್ಟೇಟ್‌ಬ್ಯಾಂಕಿನಿಂದ ಸುರತ್ಕಲ್ಲಿಗೆ ಸಿಟಿಬಸ್ಸಿನ ಟಿಕೆಟ್ ದರ ಲೆಕ್ಕ ಹಾಕುವ ಸಿ++ ಪ್ರೋಗ್ರಾಂ ಬರೆಯುತ್ತಿದ್ದೀರಿ ಎನ್ನಿ. ಟಿಕೆಟ್ ಮೆಷಿನ್ನಿನ ಜೊತೆ ಬಂದ ಹೆಡರ್ ಫೈಲಿನಲ್ಲಿ (ನಿಮ್ಮ ಕೋಡಿಗೆ ಸೇರಿಸಿಕೊಳ್ಳುವ ಫೈಲು) ಒಂದು ಇನ್‌ಲೈನ್ ಫಂಕ್ಷನ್ ಪ್ಯಾರಾಮೀಟರ್ ತೆಗೆದುಕೊಂಡು ಬಳಸದೆ ಬಿಟ್ಟಿದೆ. ಮೈಕ್ರೋಸಾಫ್ಟಿನ ಕಂಪೈಲರ್ ವಿಷುವಲ್ ಸಿ++ನಲ್ಲಿ ಎಚ್ಚರಿಕೆಯ ಮಟ್ಟ ಡಬ್ಲ್ಯು4 ಇಟ್ಟಿದ್ದರೆ ಸಿ4100, ಅಂದರೆ ಬಳಸದ ಪ್ಯಾರಾಮೀಟರಿನ ಎಚ್ಚರಿಕೆ, ಬರುತ್ತದೆ. ಎಚ್ಚರಿಕೆಯನ್ನೂ ಎರರ್ ಎಂದೇ ಎಣಿಸುವ ಡಬ್ಲ್ಯುಎಕ್ಸ್ ಕೂಡ ಹಾಕಿದ್ದರೆ ಅದೇ ಎರರ್ ಆಗಿ ಬಿಲ್ಡ್ ನಿಲ್ಲುತ್ತದೆ. ಹೆಡರ್ ನಿಮ್ಮದಲ್ಲ, ತಿದ್ದುವ ಹಾಗಿಲ್ಲ. ಆಗ ಹೆಡರ್ ಸೇರಿಸಿಕೊಳ್ಳುವ ಆ ಒಂದು ಸಾಲಿನ ಸುತ್ತ ಪ್ರಾಗ್ಮಾ, ಅಂದರೆ ಕಂಪೈಲರಿಗೆ ಕೊಡುವ ಸೂಚನೆ, ಹೀಗೆ (ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರದಲ್ಲೇ):

#ಪ್ರಾಗ್ಮಾ ವಾರ್ನಿಂಗ್(ಪುಶ್)
#ಪ್ರಾಗ್ಮಾ ವಾರ್ನಿಂಗ್(ಡಿಸೇಬಲ್: 4100)
#ಇನ್‌ಕ್ಲೂಡ್ "ಟಿಕೆಟ್.ಎಚ್"
#ಪ್ರಾಗ್ಮಾ ವಾರ್ನಿಂಗ್(ಪಾಪ್)

ಪುಶ್ ಆಗಿನ ಸ್ಥಿತಿಯನ್ನು ತೆಗೆದಿಡುತ್ತದೆ, ಪಾಪ್ ಅದನ್ನೇ ಮರಳಿಸುತ್ತದೆ. ಪಾಪ್ ಬದಲು 'ಡಿಫಾಲ್ಟ್: 4100' ಬರೆಯುವವರೂ ಇದ್ದಾರೆ. ಅದು ಮೊದಲಿದ್ದ ಸ್ಥಿತಿಗೆ ಹೋಗುವುದಿಲ್ಲ, ಕಂಪೈಲರಿನ ಮೂಲ ಸ್ಥಿತಿಗೆ ಹೋಗುತ್ತದೆ. ಮೇಲೆಲ್ಲೋ ಬೇರೆಯವರು ಬೇಕೆಂದೇ ಆಫ್ ಮಾಡಿಟ್ಟ ಎಚ್ಚರಿಕೆ ಇಲ್ಲಿಂದ ಮತ್ತೆ ಹೊತ್ತಿಕೊಳ್ಳುತ್ತದೆ. ಪಾಪ್ ಬರೆಯಲು ಮರೆತರೆ ತೊಂದರೆ ಉಲ್ಟಾ: ಹೆಡರ್ ಒಳಗೆ ಮರೆತಿದ್ದರೆ, ಅದನ್ನು ಸೇರಿಸಿಕೊಂಡ ಪ್ರತಿ ಫೈಲಿನಲ್ಲೂ ಅಲ್ಲಿಂದ ಕೆಳಗೆ ಸಿ4100 ಮೌನ. ನಿಮ್ಮದೇ ತಪ್ಪೂ ಕಾಣುವುದಿಲ್ಲ.

ನಿಮ್ಮದೇ ಫಂಕ್ಷನ್ ಆಗಿದ್ದರೆ ಇಷ್ಟೆಲ್ಲ ಯಾಕೆ ಮಾರಾಯ್ರೆ? ಪ್ಯಾರಾಮೀಟರಿನ ಟೈಪ್ ಉಳಿಸಿ ಹೆಸರು ಅಳಿಸಿದರೆ ಆಯಿತು. ಮುಂದಿನ ಒಂದೇ ಸಾಲಿಗೆ ಸಾಕಾದರೆ 'ಸಪ್ರೆಸ್' ಬರೆದು ನಂಬರ್ ಕೊಡುವ ರೂಪವಿದೆ, ಅದಕ್ಕೆ ಪುಶ್-ಪಾಪ್ ಬೇಡ.

ಬೇರೆ ಕಂಪೈಲರುಗಳಾದ ಜಿಸಿಸಿ ಮತ್ತು ಕ್ಲ್ಯಾಂಗ್‌ನಲ್ಲಿ ನಂಬರಿಲ್ಲ, ಹೆಸರು: 'ಪ್ರಾಗ್ಮಾ ಜಿಸಿಸಿ ಡಯಾಗ್ನಾಸ್ಟಿಕ್ ಇಗ್ನೋರ್ಡ್' ಎಂದು ಬರೆದು ಮುಂದೆ ಉದ್ಧರಣ ಚಿಹ್ನೆಯೊಳಗೆ "-ಡಬ್ಲ್ಯುಅನ್‌ಯೂಸ್ಡ್-ಪ್ಯಾರಾಮೀಟರ್". ಪುಶ್-ಪಾಪ್ ಇಲ್ಲೂ ಇದೆ. ವಿಷುವಲ್ ಸಿ++ಗೂ ಇವಕ್ಕೂ ಹೋಗುವ ಕೋಡಾದರೆ, ಯಾವ ಕಂಪೈಲರ್ ಎಂದು ನೋಡಿ ಸಾಲು ಸೇರಿಸುವ ಇಫ್‌ಡೆಫ್ ಹಾಕಿ ಬೇರ್ಪಡಿಸಿ. ಇಲ್ಲವಾದರೆ ಅರ್ಥವಾಗದ ಪ್ರಾಗ್ಮಾ ಎಂದು ಇನ್ನೊಂದು ಎಚ್ಚರಿಕೆ ಹುಟ್ಟುತ್ತದೆ! ಜಾವಾದಲ್ಲಿ ಮೆಥಡ್ ಅಥವಾ ವೇರಿಯಬಲ್ ಮೇಲೆ ಸಪ್ರೆಸ್‌ವಾರ್ನಿಂಗ್ಸ್ ಎಂಬ ಆನೊಟೇಶನ್ (ಕೋಡಿಗೆ ಅಂಟಿಸುವ ಟಿಪ್ಪಣಿ) ಎಚ್ಚರಿಕೆಯ ಹೆಸರಿನ ಜೊತೆ ಬರೆದರೆ ಸಾಕು.

ಹೊಸಬರು ಎಡವುವ ಜಾಗ ಸಿ4702, ಅಂದರೆ ಎಂದೂ ತಲುಪದ ಕೋಡು. ಫಂಕ್ಷನ್ನಿನ ಒಳಗೆ ಆ ಸಾಲಿನ ಮೇಲೆಯೇ ಡಿಸೇಬಲ್ ಬರೆದರೂ ಎಚ್ಚರಿಕೆ ಬಿಡುವುದಿಲ್ಲ. 4700ರಿಂದ 4999ರವರೆಗಿನವು ಕೋಡ್ ಜನರೇಶನ್ ಹಂತದವು, ಅಂದರೆ ಯಂತ್ರದ ಕೋಡು ತಯಾರಾಗುವಾಗ ಬರುವಂಥವು. ಫಂಕ್ಷನ್ನಿನ ತೆರೆಯುವ ಬ್ರೇಸ್ ({) ಸಿಕ್ಕಾಗ ಇದ್ದ ಸ್ಥಿತಿಯೇ ಇಡೀ ಫಂಕ್ಷನ್ನಿಗೆ ಲೆಕ್ಕ. ಹಾಗಾಗಿ ಡಿಸೇಬಲ್ ಸಾಲು ಫಂಕ್ಷನ್ನಿನ ಮೇಲೆ, ಹೊರಗೆ ಇರಬೇಕು. ಪಾಪ್ ಮುಚ್ಚುವ ಬ್ರೇಸಿನ ನಂತರ.