ಹಣ ದಾರಿಯಲ್ಲಿದೆ, ಮತ್ತೆ ಕಳಿಸಬೇಡಿ

ಕೆಲವು ವರ್ಷದ ಹಿಂದಿನ ಮಾತು. ಗಾಂಧಿ ಬಜಾರಿನಲ್ಲಿ ಹೂ ಮಾರುವ ಅಜ್ಜಿಯೊಬ್ಬರ ಪಕ್ಕ ಕೂತಿದ್ದೆ. ನಾನು ಪಾವತಿ ಸಾಫ್ಟ್‌ವೇರ್ ಬರೆಯುವವನು. ನಮ್ಮ ತಂಡದ ಆ್ಯಪ್ ಆಗ ತಾನೇ ಕನ್ನಡಕ್ಕೆ ಬಂದಿತ್ತು. ಅದು ಬೀದಿಯಲ್ಲಿ ಹೇಗೆ ನಡೆಯುತ್ತದೆ ಅಂತ ನೋಡಲು ಹೋಗಿದ್ದೆ. ಗಿರಾಕಿಯೊಬ್ಬರು ಎರಡು ಮಾರು ಮಲ್ಲಿಗೆ ತಗೊಂಡು ಸ್ಕ್ಯಾನ್ ಮಾಡಿದರು. ಚಕ್ರ ತಿರುಗಿ ತಿರುಗಿ ಕೊನೆಗೆ ‘ಪಾವತಿ ಬಾಕಿ ಇದೆ’ ಅಂತ ಬಂತು. ಅವರು ತಕ್ಷಣ ಇನ್ನೊಂದು ಸಲ ಕಳಿಸಿದರು. ಹತ್ತು ನಿಮಿಷದ ಮೇಲೆ ನೋಡಿದರೆ ಎರಡೂ ಸಲದ ಹಣ ಅಜ್ಜಿಯ ಖಾತೆಗೆ ಬಂದು ಕೂತಿತ್ತು. ಅಷ್ಟರಲ್ಲಿ ಗಿರಾಕಿ ಹೋಗಿಬಿಟ್ಟಿದ್ದರು.

ಇಂಗ್ಲಿಷಿನ ‘ಪೆಂಡಿಂಗ್’ ಎಂಬ ಪದಕ್ಕೆ ನಾವು ‘ಬಾಕಿ’ ಅಂತ ಹಾಕಿದ್ದೆವು. ನಿಘಂಟು ತೆಗೆದು ನೋಡಿದರೆ ತಪ್ಪೇನಿಲ್ಲ. ಅಜ್ಜಿಗೆ ಅದನ್ನು ಓದಿ ಹೇಳಿದೆ. “ಬಾಕಿ ಅಂದ್ರೆ ಕೊಡೋದು ಇದೆ ಅಂತ ಅಲ್ವೇನಪ್ಪ? ಅದಕ್ಕೇ ಆಯಪ್ಪ ಇನ್ನೊಂದ್ಸಲ ಕೊಟ್ಟ,” ಅಂದರು. ಅಂಗಡಿಯ ಕನ್ನಡದಲ್ಲಿ ಬಾಕಿ ಎಂದರೆ ಸಾಲ. ಅದು ನನಗೂ ಗೊತ್ತಿದ್ದ ಸಂಗತಿಯೇ. ನಮ್ಮೂರಿನ ಅಂಗಡಿಯ ಬಾಕಿ ಪುಸ್ತಕದಲ್ಲಿ ನಮ್ಮಪ್ಪನ ಹೆಸರೂ ಇತ್ತು. ಕಂಪ್ಯೂಟರ್ ಮುಂದೆ ಕೂತಾಗ ಅದು ನೆನಪಿಗೆ ಬರಲಿಲ್ಲ. ಆಮೇಲೆ ಆ್ಯಪಿನ ಆ ವಾಕ್ಯ ತೆಗೆದು ‘ಹಣ ದಾರಿಯಲ್ಲಿದೆ. ಮತ್ತೆ ಕಳಿಸಬೇಡಿ’ ಅಂತ ಬರೆದೆವು. ಎರಡೆರಡು ಸಲ ಹಣ ಹೋಯಿತು ಎಂಬ ದೂರುಗಳು ಕಣ್ಣಿಗೆ ಕಾಣುವಷ್ಟು ಇಳಿದವು.

ಡಿಜಿಟಲ್ ಆರ್ಥಿಕತೆ ಬಡ ಊರುಗಳಲ್ಲಿ, ಬಡ ದೇಶಗಳಲ್ಲಿ ಯಾಕೆ ನಿಧಾನ ಅಂತ ಕೇಳಿದರೆ ಮೊದಲು ಬರುವ ಉತ್ತರ ಟವರ್, ಕೇಬಲ್, ಕರೆಂಟು. ಅವು ಬೇಕು, ನಿಜ. ಆದರೆ ಅಷ್ಟೇ ಆಗಿದ್ದರೆ ಲೆಕ್ಕ ಬೇರೆಯೇ ಇರುತ್ತಿತ್ತು. ಮೊಬೈಲ್ ಕಂಪನಿಗಳ ಜಾಗತಿಕ ಒಕ್ಕೂಟ ಜಿಎಸ್‌ಎಂಎ 2024ರಲ್ಲಿ ಕೊಟ್ಟ ವರದಿ ಪ್ರಕಾರ, ಮೊಬೈಲ್ ಇಂಟರ್ನೆಟ್ ಸಿಗ್ನಲ್ಲೇ ಮುಟ್ಟದ ಜಾಗದಲ್ಲಿ ಇರುವವರು ಜಗತ್ತಿನಲ್ಲಿ ಸುಮಾರು 35 ಕೋಟಿ. ಮನೆ ಬಾಗಿಲಿಗೆ ಸಿಗ್ನಲ್ ಬಂದಿದ್ದರೂ ಬಳಸದವರು ಸುಮಾರು 310 ಕೋಟಿ. ಒಂಬತ್ತು ಪಟ್ಟು ಜಾಸ್ತಿ. ಇವರಲ್ಲಿ ಫೋನಿಗೆ ದುಡ್ಡಿಲ್ಲದವರಿದ್ದಾರೆ, ಓದು ಬರದವರಿದ್ದಾರೆ. ಫೋನೂ ಇದ್ದು, ಓದೂ ಬಂದು, ಆದರೂ ಹಣದ ವಿಷಯಕ್ಕೆ ಬಂದಾಗ ಕೈ ಹಿಂದೆ ಎಳೆಯುವವರನ್ನು ನಾನು ನನ್ನ ಕೆಲಸದಲ್ಲಿ ದಿನವೂ ನೋಡುತ್ತೇನೆ. ಅವರು ಕೇಳುವುದು ಒಂದೇ ಪ್ರಶ್ನೆ. “ಹೆಚ್ಚುಕಮ್ಮಿ ಆದ್ರೆ ಯಾರನ್ನ ಕೇಳ್ಬೇಕು?”

ನನ್ನ ಮಟ್ಟಿಗೆ ದೊಡ್ಡ ಅಡ್ಡಿ ಇದೇ. ನೋಟಿನ ವ್ಯವಹಾರದಲ್ಲಿ ಎಡವಟ್ಟಾದರೆ ಎದುರಿಗೇ ಬಗೆಹರಿಯುತ್ತದೆ. ಚಿಲ್ಲರೆ ತಪ್ಪಾಗಿ ಕೊಟ್ಟರೆ ಅಲ್ಲೇ ಕೂಗಿ ಕರೆಯಬಹುದು. ಹರಿದ ನೋಟು ವಾಪಸ್ ಕೊಡಬಹುದು. ಫೋನಿನ ವ್ಯವಹಾರದಲ್ಲಿ ಎದುರಿಗೆ ಇರುವವನು ತಪ್ಪು ಮಾಡಿರುವುದಿಲ್ಲ. ತಪ್ಪು ಮಾಡಿದ ಯಂತ್ರ ಎಲ್ಲಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ನಷ್ಟ ಮಾತ್ರ ಇಬ್ಬರಲ್ಲಿ ಬಡವನ ಮೇಲೆ ಬೀಳುತ್ತದೆ.

‘ದಾರಿಯಲ್ಲಿದೆ’ ಅನ್ನುವ ಹಣ ಎಲ್ಲಿ ಸಿಕ್ಕಿಕೊಳ್ಳುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯುಪಿಐ ಶುರುವಾದದ್ದು 2016ರ ಏಪ್ರಿಲ್‌ನಲ್ಲಿ. ನಡೆಸುವುದು ಎನ್‌ಪಿಸಿಐ ಎಂಬ ಸಂಸ್ಥೆ. ನೀವು ಪಿನ್ ಒತ್ತಿದಾಗ ಆ್ಯಪಿನ ಹಿಂದಿರುವ ಬ್ಯಾಂಕಿಗೆ ಸುದ್ದಿ ಹೋಗುತ್ತದೆ, ಅಲ್ಲಿಂದ ಎನ್‌ಪಿಸಿಐಗೆ. ಎನ್‌ಪಿಸಿಐ ನಿಮ್ಮ ಖಾತೆ ಇರುವ ಬ್ಯಾಂಕಿಗೆ ‘ಹಣ ತೆಗಿ’ ಅನ್ನುತ್ತದೆ. ಆಮೇಲೆ ಅಂಗಡಿಯವರ ಬ್ಯಾಂಕಿಗೆ ‘ಹಣ ಹಾಕು’ ಅನ್ನುತ್ತದೆ. ನಿಮ್ಮ ಬ್ಯಾಂಕು ತೆಗೆದಾಗಿದೆ, ಆ ಕಡೆಯ ಬ್ಯಾಂಕು ಸಮಯಕ್ಕೆ ಉತ್ತರ ಕೊಟ್ಟಿಲ್ಲ ಅಂದುಕೊಳ್ಳಿ. ಅಲ್ಲಿ ಹಣ ಹಾಕಿದ್ದಾರೋ ಇಲ್ಲವೋ ಯಾರಿಗೂ ತಿಳಿಯದು. ಆ ಸ್ಥಿತಿಯೇ ಪೆಂಡಿಂಗ್. ಹಣ ಕಳೆದುಹೋಗಿಲ್ಲ. ಬ್ಯಾಂಕುಗಳು ಲೆಕ್ಕ ತಾಳೆ ನೋಡುವವರೆಗೆ ಅದು ಮಧ್ಯದಲ್ಲಿ ನಿಂತಿರುತ್ತದೆ.

ಇದಕ್ಕೆ ರಿಸರ್ವ್ ಬ್ಯಾಂಕಿನ ನಿಯಮ ಇದೆ. 2019ರ ಸೆಪ್ಟೆಂಬರ್‌ನಲ್ಲಿ ಬಂದದ್ದು. ಒಬ್ಬರಿಂದ ಒಬ್ಬರಿಗೆ ಕಳಿಸಿದ ಹಣ ಮುಟ್ಟದಿದ್ದರೆ ಮಾರನೇ ದಿನದೊಳಗೆ ತಾನಾಗಿ ವಾಪಸ್ ಬರಬೇಕು. ಅಂಗಡಿಗೆ ಕೊಟ್ಟದ್ದಾದರೆ ಐದು ದಿನದೊಳಗೆ. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ, ಅದನ್ನೂ ಗ್ರಾಹಕ ಕೇಳದೆಯೇ ಕೊಡಬೇಕು. ಒಳ್ಳೆಯ ನಿಯಮ. ನಾನು ಎಷ್ಟೋ ಅಂಗಡಿಗಳಲ್ಲಿ ಈ 100 ರೂಪಾಯಿಯ ವಿಷಯ ಕೇಳಿದ್ದೇನೆ. ಗೊತ್ತಿದ್ದವರು ಒಬ್ಬರೂ ಸಿಕ್ಕಿಲ್ಲ. ದಯವಿಟ್ಟು ನೆನಪಿಟ್ಟುಕೊಳ್ಳಿ. ಪ್ರತಿ ಪಾವತಿಗೂ 12 ಅಂಕಿಯ ಒಂದು ಉಲ್ಲೇಖ ಸಂಖ್ಯೆ ಇರುತ್ತದೆ. ಅದನ್ನು ಬರೆದುಕೊಂಡು ಮೊದಲು ನಿಮ್ಮ ಬ್ಯಾಂಕಿಗೆ ಲಿಖಿತವಾಗಿ ದೂರು ಕೊಡಿ. 30 ದಿನ ಆದರೂ ಬಗೆಹರಿಯದಿದ್ದರೆ ಗ್ರಾಹಕರ ದೂರು ಬಗೆಹರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು. ಖರ್ಚಿಲ್ಲ. 14448ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ.

ಇದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿದೆ. ನಮ್ಮ ಬೀದಿ ಕೊನೆಯಲ್ಲಿ ಒಬ್ಬರು ಎಳನೀರು ಮಾರುತ್ತಾರೆ. ಮದ್ದೂರಿನಿಂದ ಲೋಡ್ ತರಿಸುತ್ತಾರೆ, ಬೆಳಗ್ಗೆ ಲೋಡಿನವರಿಗೆ ದುಡ್ಡು ಕಳಿಸಬೇಕು. ಒಂದು ದಿನ ಹಣ ಹೋಗಲೇ ಇಲ್ಲ. ಬ್ಯಾಂಕಿಗೆ ಹೋದರೆ ಖಾತೆ ತಡೆಹಿಡಿಯಲಾಗಿದೆ ಅಂದರು. ಯಾಕೆ ಅಂದರೆ ಬೇರೆ ರಾಜ್ಯದ ಪೊಲೀಸರನ್ನು ಕೇಳಿ ಅಂದರು. ಆದದ್ದು ಇಷ್ಟು. ಯಾರನ್ನೋ ವಂಚಿಸಿದ ದುಡ್ಡು ನಾಲ್ಕೈದು ಕೈ ದಾಟಿತ್ತು. ಕೊನೆಗೆ ಅದರಲ್ಲಿ ಯಾರೋ ಇವರ ಹತ್ತಿರ ಒಂದು ಎಳನೀರು ಕುಡಿದು 60 ರೂಪಾಯಿ ಸ್ಕ್ಯಾನ್ ಮಾಡಿದ್ದರು.

ವಂಚನೆಗೆ ಒಳಗಾದವರು 1930ಕ್ಕೆ ಫೋನ್ ಮಾಡಿದ ಕೂಡಲೇ ಹಣ ಹರಿದ ಖಾತೆಗಳಿಗೆಲ್ಲ ತಡೆ ಬೀಳುವ ವ್ಯವಸ್ಥೆ ಇದೆ. ಅದು ಬೇಕೇ ಬೇಕು. ಎಷ್ಟೋ ಜನರ ಉಳಿತಾಯ ಅದರಿಂದ ಉಳಿದಿದೆ. ಆದರೆ ತಡೆ ಹಾಕುವಾಗ ಆ 60 ರೂಪಾಯಿಗೆ ಮಾತ್ರ ಹಾಕಬಹುದಿತ್ತು. ಇಡೀ ಖಾತೆಗೆ ಹಾಕಿದರು. ಅದರಲ್ಲಿ ಮಗಳ ಕಾಲೇಜು ಫೀಸಿಗೆ ಅಂತ ಇಟ್ಟ ದುಡ್ಡಿತ್ತು. ಭಾಷೆ ಬಾರದ ಊರಿನ ಠಾಣೆಗೆ ಈಮೇಲ್ ಬರೆಯಿರಿ ಅಂದರೆ ಎಳನೀರು ಕೊಚ್ಚುವವರು ಏನು ಮಾಡಬೇಕು? ನಾನೇ ಕೂತು ಇಂಗ್ಲಿಷಿನಲ್ಲಿ ಬರೆದುಕೊಟ್ಟೆ. ಬಿಡಿಸಲು ಮೂರು ತಿಂಗಳು ಹಿಡಿಯಿತು. ಆ ಮೂರು ತಿಂಗಳು ಅವರು ಬಡ್ಡಿಗೆ ಸಾಲ ತಂದು ಲೋಡ್ ತರಿಸಿದರು. ನನಗೆ ಈಗಲೂ ಇದು ನೆನಪಾದರೆ ಸಂಕಟವಾಗುತ್ತದೆ, ಯಾಕೆಂದರೆ ಅವರಿಗೆ ಕ್ಯೂಆರ್ ಹಾಕಿಸಿಕೊಳ್ಳಿ ಅಂತ ಒತ್ತಾಯ ಮಾಡಿದವನು ನಾನೇ.

2025ರ ಜುಲೈ ನಿಮಗೆಲ್ಲ ನೆನಪಿರಬೇಕು. ಬೆಂಗಳೂರಿನ ಕಾಂಡಿಮೆಂಟ್ಸ್, ಬೇಕರಿ, ಟೀ ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಅಂತ ಬೋರ್ಡು ಬಿದ್ದವು. ಯುಪಿಐ ಲೆಕ್ಕ ಇಟ್ಟುಕೊಂಡು ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತ್ತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ ಎಂಬುದು ನಿಯಮ. 40 ಲಕ್ಷ ಅಂದರೆ ದೊಡ್ಡ ಮೊತ್ತ ಅನ್ನಿಸುತ್ತದೆ, ಅಲ್ವಾ? ದಿನಕ್ಕೆ 11 ಸಾವಿರದ ವ್ಯಾಪಾರ ಆದರೆ ಸಾಕು, ವರ್ಷಕ್ಕೆ ಅಷ್ಟಾಗುತ್ತದೆ. ಹಾಲು, ಸಿಗರೇಟು ಮಾರುವ ಅಂಗಡಿಯಲ್ಲಿ ಅದರಲ್ಲಿ ಕೈಗೆ ಉಳಿಯುವುದು ಬಹಳ ಕಡಿಮೆ. ಹಾಲು, ತರಕಾರಿ, ಹಣ್ಣಿಗೆ ಜಿಎಸ್‌ಟಿಯೇ ಇಲ್ಲ. ಅದೇ ಖಾತೆಗೆ ಭಾವಮೈದ ಕಳಿಸಿದ ಕೈಸಾಲವೂ ಬಂದಿರುತ್ತದೆ. ಖಾತೆ ನೋಡಿದವರಿಗೆ ಎಲ್ಲವೂ ವ್ಯಾಪಾರದ ಹಾಗೇ ಕಾಣುತ್ತದೆ. ಕೊನೆಗೆ ಮುಖ್ಯಮಂತ್ರಿಗಳೇ ವ್ಯಾಪಾರಿಗಳ ಜೊತೆ ಕೂತು, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಿ ಅಂದರು.

ತೆರಿಗೆ ಕೇಳಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ವರ್ಷಕ್ಕೆ ಒಂದೂವರೆ ಕೋಟಿವರೆಗೆ ಸರಕು ಮಾರುವ ಸಣ್ಣ ವ್ಯಾಪಾರಿಗೆ ರಾಜಿ ತೆರಿಗೆ ಪದ್ಧತಿ ಇದೆ, ವಹಿವಾಟಿನ ಒಟ್ಟು ಶೇ 1 ಕಟ್ಟಿದರೆ ಮುಗಿಯಿತು. ಅದನ್ನು ಮೊದಲೇ ಕನ್ನಡದಲ್ಲಿ, ಅಂಗಡಿ ಬಾಗಿಲಿಗೆ ಹೋಗಿ ಹೇಳಬೇಕಿತ್ತು. ಕ್ಯೂಆರ್ ಅಂಟಿಸಲು ಮನೆ ಮನೆಗೆ ಹುಡುಗರು ಬಂದಿದ್ದರು. ಲೆಕ್ಕ ಹೇಗೆ ಇಡಬೇಕು ಅಂತ ಹೇಳಲು ಒಬ್ಬರೂ ಬರಲಿಲ್ಲ. ವ್ಯಾಪಾರಕ್ಕೆ ಒಂದು ಖಾತೆ, ಮನೆಗೆ ಒಂದು ಖಾತೆ ಇಟ್ಟುಕೊಳ್ಳಿ ಎಂಬ ಒಂದು ಮಾತು ಮೊದಲ ದಿನವೇ ಹೇಳಿದ್ದರೂ ಆ ಜುಲೈಯ ಅರ್ಧ ಭಯ ಇರುತ್ತಿರಲಿಲ್ಲ.

ಹಾಗಾದರೆ ಏನು ಕೆಲಸ ಮಾಡಿದೆ? ಮಾತಾಡುವ ಡಬ್ಬಿ. ಹಣ ಬಂದ ಕೂಡಲೇ ಜೋರಾಗಿ ಕನ್ನಡದಲ್ಲಿ ಹೇಳುವ ಆ ಸೌಂಡ್ ಬಾಕ್ಸ್ ಬಂದ ಮೇಲೆ ನಮ್ಮ ಮಾರುಕಟ್ಟೆಗಳ ಚಹರೆಯೇ ಬದಲಾಯಿತು. ಹೂ ಕಟ್ಟುವವರ ಕೈ ಒದ್ದೆ ಇರುತ್ತದೆ, ದೋಸೆ ಹುಯ್ಯುವವರ ಕೈಗೆ ಹಿಟ್ಟು ಮೆತ್ತಿರುತ್ತದೆ. ಫೋನ್ ತೆಗೆದು ನೋಡಲಾಗದು. ಸುಳ್ಳು ಸ್ಕ್ರೀನ್‌ಶಾಟ್ ತೋರಿಸಿ ಹೋಗುವವರ ಕಾಟ ಬೇರೆ. ಡಬ್ಬಿ ಕೂಗಿದರೆ ಹಣ ಬಂದಿದೆ, ಕೂಗದಿದ್ದರೆ ಬಂದಿಲ್ಲ. ಓದು ಬೇಡ, ಇಂಗ್ಲಿಷ್ ಬೇಡ. ಗಿರಾಕಿಗೂ ಕೇಳುತ್ತದೆ, ಪಕ್ಕದ ಅಂಗಡಿಯವರಿಗೂ ಕೇಳುತ್ತದೆ. ಬೀದಿಯ ಎದುರೇ ಸಾಕ್ಷಿ ಸಿಕ್ಕಂತಾಯಿತು.

ಕೀನ್ಯಾದಲ್ಲೂ ಇಂಥದ್ದೇ ಒಂದು ಪಾಠ ಇದೆ. 2007ರ ಮಾರ್ಚ್‌ನಲ್ಲಿ ಸಫಾರಿಕಾಮ್ ಕಂಪನಿ ಎಂ-ಪೆಸಾ ಶುರು ಮಾಡಿತು. ಬಟನ್ ಫೋನಿನಲ್ಲೇ ನಡೆಯುತ್ತಿತ್ತು, ಇಂಟರ್ನೆಟ್ ಬೇಕಿರಲಿಲ್ಲ. ಅದಕ್ಕಿಂತ ಮುಖ್ಯವಾದದ್ದು ಏಜೆಂಟರು. ಊರಿನ ಚಿಲ್ಲರೆ ಅಂಗಡಿಯವನೇ ನೋಟು ತಗೊಂಡು ಫೋನಿಗೆ ಹಣ ಹಾಕುತ್ತಿದ್ದ, ಫೋನಿನ ಹಣ ತಗೊಂಡು ನೋಟು ಕೊಡುತ್ತಿದ್ದ. ಪಕ್ಕದಲ್ಲಿ ಒಂದು ಪುಸ್ತಕ, ಅದರಲ್ಲಿ ಗಿರಾಕಿಯ ಸಹಿ. ಏನಾದರೂ ಆದರೆ ಕೇಳಲು ಒಂದು ಗುರುತಿನ ಮುಖ ಇತ್ತು. ನಮ್ಮಲ್ಲಿ ಬ್ಯಾಂಕ್ ಮಿತ್ರರು, ಗ್ರಾಮ ಒನ್ ಕೇಂದ್ರದವರು ಅದೇ ಕೆಲಸ ಮಾಡಬಲ್ಲರು. ಅವರಿಗೆ ಸಿಗುವ ಕಮಿಷನ್ ಮಾತ್ರ ಹಣ ತೆಗೆದುಕೊಟ್ಟದ್ದಕ್ಕೆ, ಅರ್ಜಿ ಹಾಕಿಕೊಟ್ಟದ್ದಕ್ಕೆ. ಸಿಕ್ಕಿಕೊಂಡ ಹಣದ ಬೆನ್ನು ಹತ್ತಿ ಬಿಡಿಸಿಕೊಟ್ಟದ್ದಕ್ಕೆ ಒಂದು ರೂಪಾಯಿಯೂ ಇಲ್ಲ. ಹಾಗಿದ್ದ ಮೇಲೆ ಅರ್ಧ ದಿನ ಯಾರು ಕೂರುತ್ತಾರೆ?

ದುಡ್ಡಿನ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. 2020ರ ಜನವರಿಯಿಂದ ಯುಪಿಐ ಪಾವತಿಗೆ ಅಂಗಡಿಯವರಿಂದ ಶುಲ್ಕ ತೆಗೆದುಕೊಳ್ಳುವಂತಿಲ್ಲ. ಅದರಿಂದಲೇ ಟೀ ಅಂಗಡಿಗೂ ಕ್ಯೂಆರ್ ಬಂತು. ಸಣ್ಣ ಅಂಗಡಿಗಳ 2,000 ರೂಪಾಯಿವರೆಗಿನ ಪಾವತಿಗೆ ಸರ್ಕಾರ 2024-25ರ ಸಾಲಿಗೆ ಶೇ 0.15 ಪ್ರೋತ್ಸಾಹಧನ ಕೊಟ್ಟಿದೆ, ಅದು ಬ್ಯಾಂಕು, ಆ್ಯಪುಗಳ ನಡುವೆ ಹಂಚಿಹೋಗುತ್ತದೆ. ಆದಾಯ ಇಷ್ಟು ತೆಳ್ಳಗಿದ್ದಾಗ ಕಂಪನಿಗಳು ಎಲ್ಲಿ ಉಳಿಸುತ್ತವೆ? ಇಂಥ ಸಭೆಗಳಲ್ಲಿ ನಾನು ಕೂತಿದ್ದೇನೆ. ಮೊದಲು ಕತ್ತರಿ ಬೀಳುವುದು ಕನ್ನಡದಲ್ಲಿ ಫೋನ್ ಎತ್ತುವವರ ಸಂಬಳಕ್ಕೆ. ಅವರ ಜಾಗದಲ್ಲಿ ‘ಒಂದು ಒತ್ತಿ, ಎರಡು ಒತ್ತಿ’ ಎಂಬ ಧ್ವನಿ ಬರುತ್ತದೆ. ಆ ಪ್ರೋತ್ಸಾಹಧನದ ಒಂದು ಪಾಲು ದೂರು ಬಗೆಹರಿಸಿದ ಲೆಕ್ಕದ ಮೇಲೆ ಸಿಗುವಂತಾಗಬೇಕು. ಇದನ್ನು ನಾನು ಸಿಕ್ಕ ಕಡೆಯೆಲ್ಲ ಹೇಳುತ್ತಿದ್ದೇನೆ.

ಹೆಂಗಸರ ವಿಷಯ ಬೇರೆಯೇ ಒಂದು ಅಂಕಣ ಆಗುವಷ್ಟಿದೆ. 2023ರ ಆಗಸ್ಟ್‌ನಲ್ಲಿ ಶುರುವಾದ ಗೃಹಲಕ್ಷ್ಮಿಯ 2,000 ರೂಪಾಯಿ ಒಂದು ಕೋಟಿಗೂ ಹೆಚ್ಚು ಮಹಿಳೆಯರ ಖಾತೆಗೆ ಹೋಗುತ್ತದೆ. ಆದರೆ ಹಲವು ಮನೆಗಳಲ್ಲಿ ಖಾತೆಗೆ ಜೋಡಿಸಿದ ನಂಬರು ಮಗನದ್ದು. ಓಟಿಪಿ ಬರುವುದು ಅವನ ಫೋನಿಗೆ. ಅವನು ಕೆಲಸಕ್ಕೆ ಅಂತ ಪೀಣ್ಯಕ್ಕೆ ಬಂದು ಹೊಸ ಸಿಮ್ ತಗೊಂಡರೆ ಹಳೆಯದು ಸುಮ್ನೆ ಬಿದ್ದಿರುತ್ತದೆ. 90 ದಿನ ಬಳಸದಿದ್ದರೆ ಆ ನಂಬರು ಬಂದ್ ಆಗಬಹುದು, ಆಮೇಲೆ ಬೇರೆಯವರಿಗೂ ಹೋಗಬಹುದು. ತಾಯಿಯ ಖಾತೆಯ ಬೀಗದ ಕೈ ಅಪರಿಚಿತರ ಜೇಬಿಗೆ ಹೋದ ಹಾಗೆ. ನಿಮ್ಮ ಮನೆಯಲ್ಲಿ ಇವತ್ತೇ ಒಮ್ಮೆ ನೋಡಿ, ಅಮ್ಮನ ಖಾತೆಗೆ ಯಾವ ನಂಬರು ಇದೆ ಅಂತ.

ವಂಚನೆಗೆ ದಾರಿಯಾಗಿದ್ದ ಒಂದು ಬಾಗಿಲನ್ನು ಮುಚ್ಚಿದ್ದಾರೆ ಅನ್ನುವುದು ಸಮಾಧಾನ. ‘ನಿಮಗೆ ಹಣ ಬಂದಿದೆ, ಪಿನ್ ಹಾಕಿ’ ಅಂತ ನಂಬಿಸಿ ಹಣ ಎಳೆಯಲು ಕಳ್ಳರು ಬಳಸುತ್ತಿದ್ದದ್ದು ಹಣ ಕೇಳುವ ಸೌಲಭ್ಯವನ್ನು. ಒಬ್ಬರು ಇನ್ನೊಬ್ಬರಿಗೆ ಹಾಗೆ ಕೋರಿಕೆ ಕಳಿಸುವುದನ್ನು ಎನ್‌ಪಿಸಿಐ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿತು. ಎಷ್ಟೋ ವರ್ಷ ನಾವು ಜನರಿಗೆ ಎಚ್ಚರ ಇರಿ, ಎಚ್ಚರ ಇರಿ ಅಂತ ಹೇಳುತ್ತಿದ್ದೆವು. ಬಾಗಿಲನ್ನೇ ಮುಚ್ಚುವುದು ಅದಕ್ಕಿಂತ ಎಷ್ಟೋ ಮೇಲು.

ಮೊನ್ನೆ ಭಾನುವಾರ ಎಳನೀರಿಗೆ ಹೋಗಿದ್ದೆ. ಗಾಡಿಯ ಕಂಬಕ್ಕೆ ಮೊದಲು ಕಟ್ಟಿದ್ದ ಕ್ಯೂಆರ್ ಇರಲಿಲ್ಲ, ದಾರ ಮಾತ್ರ ನೇತಾಡುತ್ತಿತ್ತು. ನನ್ನ ಹತ್ತಿರ ನೋಟಿರಲಿಲ್ಲ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಚಿಲ್ಲರೆ ಡಬ್ಬಿಯ ತಳಕ್ಕೆ ಕೈ ಹಾಕಿ, ನೋಟುಗಳ ಕೆಳಗೆ ಮಡಚಿಟ್ಟಿದ್ದ ಹಾಳೆ ತೆಗೆದು ಬಿಡಿಸಿದರು. “ಗೊತ್ತಿರೋರಿಗೆ ಮಾತ್ರ ಸಾರ್ ಇದು,” ಅಂದರು.