ಮೂತ್ರಪಿಂಡದೊಳಗಿನ ಒತ್ತಡ

ಎರಡೂ ಮೂತ್ರಪಿಂಡಗಳನ್ನು ಒಟ್ಟಿಗೆ ತೂಗಿದರೂ ದೇಹದ ತೂಕದ ಶೇಕಡಾ ಒಂದರಷ್ಟೂ ಆಗುವುದಿಲ್ಲ; ಆದರೆ ಹೃದಯ ಹೊರಹಾಕುವ ರಕ್ತದಲ್ಲಿ ಸುಮಾರು ಐದನೇ ಒಂದು ಭಾಗ ಅವುಗಳತ್ತಲೇ ಹರಿಯುತ್ತದೆ. ಪ್ರತಿ ಮೂತ್ರಪಿಂಡದಲ್ಲಿ ಸುಮಾರು 10 ಲಕ್ಷ ನೆಫ್ರಾನ್‌ಗಳೆಂಬ ಸೋಸುವ ಘಟಕಗಳಿದ್ದು, ಒಂದೊಂದರ ತಲೆಯಲ್ಲೂ ಗ್ಲೊಮೆರುಲಸ್ ಎಂಬ ಲೋಮನಾಳಗಳ ಪುಟ್ಟ ಉಂಡೆಯಿದೆ. ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ ಇಳಿಯುವುದು ಇಲ್ಲಿಂದಲೇ; ಅದರಲ್ಲಿ ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರವಾಗಿ ಹೊರಬಂದು, ಉಳಿದದ್ದು ಮರಳಿ ರಕ್ತಕ್ಕೆ ಸೇರುತ್ತದೆ.

ದೇಹದ ಇತರೆಡೆ ಲೋಮನಾಳಗಳನ್ನು ದಾಟಿದ ರಕ್ತ ಅಭಿಧಮನಿಗೆ ಹೋಗುತ್ತದೆ. ಗ್ಲೊಮೆರುಲಸ್‌ಗೆ ಮಾತ್ರ ಒಳಬರುವ ಕಡೆಯೂ ಹೊರಹೋಗುವ ಕಡೆಯೂ ಬೇಕಾದಂತೆ ಹಿಗ್ಗಿ ಕುಗ್ಗಬಲ್ಲ ಕಿರು ಅಪಧಮನಿಗಳಿವೆ. ಈ ಏರ್ಪಾಡಿನಿಂದಾಗಿ ಅದರೊಳಗಿನ ಒತ್ತಡ ಬೇರೆ ಲೋಮನಾಳಗಳಿಗಿಂತ ಬಹಳ ಹೆಚ್ಚು. ಸೋಸಲು ಆ ಒತ್ತಡ ಬೇಕೇ ಬೇಕು. ಅದು ಮಿತಿ ಮೀರಿದರೆ ಸೋಸುವ ಪೊರೆಯೇ ಹಾಳಾಗುತ್ತದೆ. ಆರೋಗ್ಯವಂತರಲ್ಲಿ ಹೊರಗಿನ ರಕ್ತದೊತ್ತಡ ಏರಿದಾಗ ಒಳದಾರಿ ತಾನಾಗಿ ಬಿಗಿದುಕೊಂಡು ಆ ಉಂಡೆಯನ್ನು ಕಾಪಾಡುತ್ತದೆ.

ಇನ್ಸುಲಿನ್ ಪ್ರತಿರೋಧವಿದ್ದಾಗ ಸ್ನಾಯು, ಯಕೃತ್ತು, ಕೊಬ್ಬಿನ ಜೀವಕೋಶಗಳು ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸುವುದಿಲ್ಲ; ಅದನ್ನು ಸರಿದೂಗಿಸಲು ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸ್ರವಿಸುತ್ತದೆ. ಸಾಕಷ್ಟು ಚರ್ಚೆಯಾಗದ ಸಂಗತಿಯೊಂದು ಇಲ್ಲಿದೆ: ಸೋಡಿಯಂ ಹಿಡಿದಿಟ್ಟುಕೊಳ್ಳುವ ವಿಷಯದಲ್ಲಿ ಸೋಸಿದ ದ್ರವ ಹರಿಯುವ ಮೂತ್ರಪಿಂಡದ ನಾಳಗಳು ಆಗಲೂ ಇನ್ಸುಲಿನ್‌ನ ಮಾತು ಕೇಳುತ್ತಲೇ ಇರುತ್ತವೆ. ಹೀಗೆ ಹೆಚ್ಚಿದ ಇನ್ಸುಲಿನ್‌ನಿಂದ ಉಪ್ಪೂ ಅದರ ಜೊತೆಗೆ ನೀರೂ ದೇಹದಲ್ಲಿ ಉಳಿದು, ರಕ್ತದೊತ್ತಡ ಮೇಲೇರಲು ದಾರಿಯಾಗುತ್ತದೆ. ಎಷ್ಟೋ ಜನರಲ್ಲಿ ಬಿ.ಪಿ. ಮತ್ತು ಸಕ್ಕರೆ ಕಾಯಿಲೆ ಜೊತೆಜೊತೆಯಾಗಿ ಬರುವುದಕ್ಕೆ ಇದೂ ಒಂದು ಕಾರಣ.

ರಕ್ತದಲ್ಲಿ ಸಕ್ಕರೆಯ ಮಟ್ಟವೇ ಏರಿದ ಮೇಲೆ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಸೋಸಿ ಇಳಿದ ಹೆಚ್ಚುವರಿ ಗ್ಲೂಕೋಸನ್ನು ಮೂತ್ರಪಿಂಡದ ನಾಳಗಳು ಸೋಡಿಯಂ ಸಮೇತ ಮರಳಿ ಹೀರಿಕೊಳ್ಳುವುದರಿಂದ, ನಾಳದಲ್ಲಿ ಮುಂದೆ ಉಪ್ಪಿನ ಪ್ರಮಾಣವನ್ನು ಅಳೆಯುವ ಕೋಶಗಳಿಗೆ ತಲುಪುವ ಸೋಡಿಯಂ ಕಡಿಮೆಯಾಗುತ್ತದೆ. ಸೋಸುವಿಕೆಯೇ ಸಾಲದೆಂದು ತಪ್ಪಾಗಿ ಗ್ರಹಿಸುವ ಆ ಕೋಶಗಳಿಂದಾಗಿ ಒಳದಾರಿ ಹಿಗ್ಗುತ್ತದೆ. ಆಂಜಿಯೊಟೆನ್ಸಿನ್ ಹಾರ್ಮೋನು ಹೊರದಾರಿಯನ್ನು ಬಿಗಿಯುತ್ತದೆ. ಬಿಗಿದು ಕಾಯಬೇಕಿದ್ದ ಬಾಗಿಲೇ ಹೀಗೆ ತೆರೆದುಕೊಂಡಿರುವಾಗ ಏರಿದ ರಕ್ತದೊತ್ತಡ ನೇರವಾಗಿ ಗ್ಲೊಮೆರುಲಸ್‌ಗೆ ಅಪ್ಪಳಿಸುತ್ತದೆ. ಎರಡು ಕಾಯಿಲೆಗಳು ಕೂಡಿದಾಗ ಹಾನಿ ತೀವ್ರವಾಗುವುದು ಈ ಕಾರಣಕ್ಕೆ.

ಪೆಟ್ಟು ಬೀಳುವುದು ಮುಖ್ಯವಾಗಿ ಪೊಡೊಸೈಟ್ ಎಂಬ ಕೋಶಗಳಿಗೆ. ಎರಡು ಕೈಗಳ ಬೆರಳುಗಳನ್ನು ಒಂದರೊಳಗೊಂದು ಹೆಣೆದಂತೆ ಇವು ತಮ್ಮ ಚಾಚುಗಳಿಂದ ಲೋಮನಾಳಗಳನ್ನು ಸುತ್ತುವರಿದಿರುತ್ತವೆ. ಆ ಹೆಣಿಗೆಯ ಸಂದುಗಳಲ್ಲಿ ನೀರು ಇಳಿದರೂ ಅಲ್ಬುಮಿನ್ ಪ್ರೋಟೀನು ಬಹುಮಟ್ಟಿಗೆ ರಕ್ತದಲ್ಲೇ ಉಳಿಯುತ್ತದೆ. ಒತ್ತಡಕ್ಕೆ ಹಿಗ್ಗಿ ಕಳಚಿಬಿದ್ದ ಪೊಡೊಸೈಟ್‌ನ ಜಾಗವನ್ನು ಪಕ್ಕದ ಕೋಶ ವಿಭಜನೆಗೊಂಡು ತುಂಬಲಾರದು. ಸಂದು ಬಿಟ್ಟಲ್ಲಿ ಅಲ್ಬುಮಿನ್ ಸೋರುತ್ತದೆ, ಕ್ರಮೇಣ ಗ್ಲೊಮೆರುಲಸ್ ಗಡುಸಾಗಿ ಮುಚ್ಚಿಹೋಗುತ್ತದೆ, ಉಳಿದ ನೆಫ್ರಾನ್‌ಗಳ ಮೇಲೆ ಹೊರೆ ಇನ್ನೂ ಹೆಚ್ಚುತ್ತದೆ.

ಇಷ್ಟಾದರೂ ನೋವಿಲ್ಲ. ಮೂತ್ರಪಿಂಡದ ಕೆಲಸ ಕುಗ್ಗಿದಾಗ ರಕ್ತದಲ್ಲಿ ಹೆಚ್ಚುವ ಕ್ರಿಯಾಟಿನಿನ್ ಎಂಬ ತ್ಯಾಜ್ಯ ಸಹ, ಮೂತ್ರಪಿಂಡದ ಸಾಮರ್ಥ್ಯ ಅರ್ಧದಷ್ಟು ಕುಸಿಯುವವರೆಗೂ ಸಹಜ ಮಿತಿಯೊಳಗೇ ಕಾಣಿಸಬಹುದು. ಆದ್ದರಿಂದ ಸಕ್ಕರೆ ಕಾಯಿಲೆಯೋ ಬಿ.ಪಿ.ಯೋ ಇರುವವರು ಕ್ರಿಯಾಟಿನಿನ್ ಒಂದನ್ನೇ ನೆಚ್ಚಿ ನೆಮ್ಮದಿಯಿಂದಿರುವುದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ. ಮೂತ್ರದಲ್ಲಿ ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಅಲ್ಬುಮಿನ್ ಮತ್ತೆ ಮತ್ತೆ ಕಂಡುಬಂದರೆ, ಸೋರಿಕೆ ಶುರುವಾಗಿದೆ ಎಂದೇ ತಿಳಿಯಬೇಕು.

ಚಿಕಿತ್ಸೆಯೂ ಈ ಎರಡು ದಾರಿಗಳನ್ನೇ ಹಿಡಿದು ಬಂದಿದೆ. ಆಂಜಿಯೊಟೆನ್ಸಿನ್ ತಡೆಯುವ ಔಷಧಗಳು ಹೊರದಾರಿಯನ್ನು ಸಡಿಲಿಸುತ್ತವೆ; ಅವುಗಳಲ್ಲೊಂದಾದ ಕ್ಯಾಪ್ಟೊಪ್ರಿಲ್ ಮಧುಮೇಹಿಗಳ ಮೂತ್ರಪಿಂಡವನ್ನು ಕಾಪಾಡಬಲ್ಲದೆಂದು 1993ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಗ್ಲೂಕೋಸು ಮತ್ತು ಸೋಡಿಯಂ ಒಟ್ಟಾಗಿ ಮರಳುವುದನ್ನು ತಡೆಯುವ ಎಸ್‌ಜಿಎಲ್‌ಟಿ2 ಔಷಧಗಳು ಹಿಗ್ಗಿದ ಒಳದಾರಿಯನ್ನು ಮತ್ತೆ ಬಿಗಿಗೊಳಿಸುತ್ತವೆ. ಇವುಗಳನ್ನು ಶುರುಮಾಡಿದ ಮೊದಲ ವಾರಗಳಲ್ಲಿ ಕ್ರಿಯಾಟಿನಿನ್ ತುಸು ಏರುವುದನ್ನು ಕಂಡು ಗಾಬರಿಯಾಗಿ ಮಾತ್ರೆ ಬಿಡುವವರಿದ್ದಾರೆ. ವೈದ್ಯರ ನಿಗಾದಲ್ಲಿರುವ ಆ ಸಣ್ಣ ಏರಿಕೆ, ಬಹುಪಾಲು ಸಂದರ್ಭಗಳಲ್ಲಿ, ಗ್ಲೊಮೆರುಲಸ್‌ನೊಳಗಿನ ಒತ್ತಡ ಇಳಿಯುತ್ತಿರುವುದರ ಗುರುತು.